ಹಾಗಾದರೆ ನಮಗೂ ಎಕ್ಸ್‌ಟೆನ್ಷನ್ ಹಾಕಿ

"ಡಾಕ್ಟರರಿಗೆ ಯೂನಿಯನ್ ಎಂಥದ್ದು? ನಾವೇನು ಬೀಡಿ ಕಟ್ಟುವವರಾ?"

ನಾನು ಹೌಸ್ ಸರ್ಜನ್, ಅಂದರೆ ಓದಿನ ಕೊನೆಗೆ ಇಂಟರ್ನ್‌ಶಿಪ್ ಮಾಡುವ ವೈದ್ಯೆ, ಆಗಿದ್ದಾಗ ನಮ್ಮ ಪ್ರೊಫೆಸರೊಬ್ಬರು ವಾರ್ಡಿನ ಮಧ್ಯೆ ನಿಂತು ಹೀಗೆ ಕೇಳಿದ್ದರು. ಯಾವುದೋ ಊರಿನಲ್ಲಿ ತರಬೇತಿಯ ವೈದ್ಯರು ಸಂಘ ಕಟ್ಟಿದ ಸುದ್ದಿ ಆ ದಿನ ಪೇಪರಿನಲ್ಲಿ ಬಂದಿತ್ತು. ಸುತ್ತ ನಿಂತವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. "ನನ್ನ ಅಮ್ಮ ಬೀಡಿ ಕಟ್ಟುವವರು ಸರ್. ಅವರಿಗೆ ಯೂನಿಯನ್ ಉಂಟು," ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ಒಮ್ಮೆ ನೋಡಿ ಮುಂದಿನ ಮಂಚಕ್ಕೆ ಹೋದರು. ನನ್ನ ಕಥೆ ಮುಗಿಯಿತು ಎಂದು ಸಹಪಾಠಿಗಳು ಅಂದುಕೊಂಡರು. ಏನೂ ಆಗಲಿಲ್ಲ. ಅವರಿಗೆ ರೋಗಿಗಳ ಹೊಟ್ಟೆಯೊಳಗಿನದ್ದೆಲ್ಲ ನೆನಪಿರುತ್ತಿತ್ತು, ಹೌಸ್ ಸರ್ಜನ್‌ಗಳ ಮುಖ ನೆನಪಿರುತ್ತಿರಲಿಲ್ಲ.

ಈಗ ನಿವೃತ್ತಿಯಾಗಿದೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದರಲ್ಲಿ ಹೊಸದಾಗಿ ಈ ಕೆಲಸಕ್ಕೆ ಬರುವ ಮಕ್ಕಳಿಗೆ ಆಸಕ್ತಿ ಇರಬೇಕಾಗಿಲ್ಲ, ನನಗೂ ಇಲ್ಲ. ನಾನು ಹೇಳಹೊರಟದ್ದು ಡ್ಯೂಟಿ ಮುಗಿದ ವೈದ್ಯ ಮನೆಗೆ ಹೋಗುವ ವಿಷಯ. ಇಷ್ಟು ಸಣ್ಣ ವಿಷಯಕ್ಕೆ ಎಷ್ಟು ರಂಪವಾಯಿತು ಎಂದು ಈಗಿನವರು ನಂಬುವುದಿಲ್ಲ.

ಮೊದಲು ಅಮ್ಮನ ಬಗ್ಗೆ ಎರಡು ಮಾತು ಹೇಳಬೇಕು. ಶಿರ್ತಾಡಿಯ ನಮ್ಮ ಮನೆಯಲ್ಲಿ ಅಮ್ಮ ತೊಡೆಯ ಮೇಲೆ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನನ್ನ ಓದು ಬಂದದ್ದು ಆ ತಡ್ಪೆಯಿಂದ. ಕಟ್ಟಿದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಒಯ್ದು ಕೊಡಬೇಕು. ಅಲ್ಲಿ ನೋಡುವವನು ಕಟ್ಟು ಬಿಚ್ಚಿ ಪರೀಕ್ಷಿಸುತ್ತಿದ್ದ, ಯಾರ ಮೇಲಾದರೂ ಸಿಟ್ಟಿದ್ದರೆ ಸರಿ ಇದ್ದದ್ದನ್ನೂ ಸರಿ ಇಲ್ಲವೆಂದು ಹಿಂದೆ ತಳ್ಳುತ್ತಿದ್ದ. ಅದಕ್ಕೆ ಆ ಹೆಂಗಸರದ್ದೇ ಒಂದು ಕ್ರಮ ಇತ್ತು. ಒಬ್ಬಳ ಕಟ್ಟನ್ನು ಅನ್ಯಾಯವಾಗಿ ತಳ್ಳಿದರೆ ಸಾಲಿನಲ್ಲಿದ್ದ ಎಲ್ಲರೂ ತಮ್ಮ ತಮ್ಮ ಕಟ್ಟನ್ನು ಅವನ ಎದುರು ಇಟ್ಟು, "ಅವಳದ್ದು ಆಗದಿದ್ರೆ ನಮ್ಮದೂ ಆಗುವುದಿಲ್ಲ, ಎಲ್ಲ ಹಿಂದೆ ಹಾಕಿ" ಎನ್ನುತ್ತಿದ್ದರು. ಅಷ್ಟೂ ಬೀಡಿ ಹಿಂದೆ ಹಾಕಿದರೆ ಸಂಜೆ ಲಾರಿಗೆ ಏರಿಸಲು ಅವನ ಹತ್ತಿರ ಏನೂ ಉಳಿಯುವುದಿಲ್ಲ. ಗೊಣಗುತ್ತಾ ತೆಗೆದುಕೊಳ್ಳುತ್ತಿದ್ದ. ನಾನು ಲಂಗ ಹಾಕುವ ಪ್ರಾಯದಲ್ಲಿ ಅಮ್ಮನ ಸೆರಗು ಹಿಡಿದು ಇದನ್ನು ಕಣ್ಣಾರೆ ನೋಡಿದ್ದೇನೆ.

ಇನ್ನು ನಮ್ಮ ವೃತ್ತಿಯ ಕ್ರಮ. ರೋಗಿಯನ್ನು ಯಾರು ಅಡ್ಮಿಟ್ ಮಾಡಿದರೋ ಅವರೇ ಚೀಫ್ ರೌಂಡ್ಸಿಗೆ ಬಂದಾಗ ಆ ರೋಗಿಯ ಕಥೆ ಹೇಳಬೇಕು. ಕೇಳುವುದಕ್ಕೆ ನ್ಯಾಯವಾಗಿಯೇ ಉಂಟು. ಆದರೆ ಚೀಫ್ ಬರುವುದು ಅವರ ಆಪರೇಷನ್‌ಗಳೆಲ್ಲ ಮುಗಿದ ಮೇಲೆ. ಹಿಂದಿನ ದಿನ ಬೆಳಿಗ್ಗೆ ಡ್ಯೂಟಿಗೆ ಬಂದವಳು, ಮರುದಿನ ಡ್ಯೂಟಿ ಮುಗಿದರೂ, ಅವರು ಬರುವವರೆಗೆ ಮಂಚದ ಪಕ್ಕದಲ್ಲಿ ನಿಂತಿರಬೇಕು. ಒಮ್ಮೆ ನಮ್ಮ ಚೀಫ್ ಮದುವೆಯ ಊಟಕ್ಕೆ ಹೋಗಿ ಸಂಜೆ ಬಂದರು, ಬಾಯಲ್ಲಿ ಇನ್ನೂ ವೀಳ್ಯ ಇತ್ತು. ನಾವು ಬೆಳಗಿನ ಚಹಾದಲ್ಲೇ ನಿಂತಿದ್ದೆವು.

ಹಾಗೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ನನ್ನ ಸಹಪಾಠಿ ರವೀಂದ್ರನೇ ಸಾಕ್ಷಿ. ನಿಂತಲ್ಲೇ ತೂಕಡಿಸುತ್ತಿದ್ದವನನ್ನು ಚೀಫ್ ಹೆಂಗಸರ ವಾರ್ಡಿನಲ್ಲಿ ತಟ್ಟಿ ಕೇಳಿದಾಗ, ಅವನು ಗಂಡಸರ ವಾರ್ಡಿನಲ್ಲಿ ತಾನು ಅಡ್ಮಿಟ್ ಮಾಡಿದ ಮುದುಕನ ಕಥೆಯನ್ನು ಸ್ಪಷ್ಟವಾಗಿ, ಒಂದು ತಪ್ಪೂ ಇಲ್ಲದೆ, ಒಬ್ಬ ಅಜ್ಜಿಯ ಮಂಚದ ಪಕ್ಕ ನಿಂತು ಹೇಳಿದ. "ಇವರಿಗೆ ಪ್ರಾಸ್ಟೇಟ್ ದೊಡ್ಡದಾಗಿದೆ ಸರ್." ಚೀಫ್ ಸ್ವಲ್ಪ ಹೊತ್ತು ಅಜ್ಜಿಯನ್ನೇ ನೋಡಿದರು. "ಹಾಗಾದ್ರೆ ಇದನ್ನು ಮೆಡಿಕಲ್ ಜರ್ನಲ್‌ಗೆ ಕಳಿಸುವ ಮಾರಾಯ, ಜಗತ್ತಿನಲ್ಲಿ ಮೊದಲನೆಯದ್ದು," ಎಂದರು. ರವೀಂದ್ರ ಈಗ ದೊಡ್ಡ ವೈದ್ಯ. ಆದರೂ ನಾವು ಸೇರಿದಾಗೆಲ್ಲ ಆ ಅಜ್ಜಿಯ ಕ್ಷೇಮ ವಿಚಾರಿಸದೆ ಬಿಡುವುದಿಲ್ಲ.

ಓದು ಮುಗಿದ ಮೇಲೆ ಬೆಳ್ತಂಗಡಿಯ ಗುಡ್ಡದ ಕಡೆಯ ಹಳ್ಳಿಗಳಲ್ಲಿ ಕೆಲಸ ಮಾಡಿದೆ. ಅಲ್ಲಿ ಒಬ್ಬರು ತಮ್ಮನಿಗೆ ಕಚ್ಚಿದ ಹಾವನ್ನು ಎಣ್ಣೆಯ ಕ್ಯಾನಿನಲ್ಲಿ ಹಾಕಿ, "ಯಾವ ಜಾತಿ ಅಂತ ನೀವೇ ನೋಡಿ ಡಾಕ್ಟ್ರೇ" ಎಂದು ನನ್ನ ಮೇಜಿನ ಮೇಲಿಟ್ಟರು. ಮುಚ್ಚಳ ತೆಗೆದ ಮೇಲೆ ಗೊತ್ತಾಯಿತು, ಹಾವಿಗೆ ಜೀವ ಉಂಟು. ಆ ದಿನ ಹೊರಗೆ ಕುಳಿತ ರೋಗಿಗಳೆಲ್ಲ ಔಷಧಿ ಇಲ್ಲದೆಯೇ ಎದ್ದು ಓಡಿದರು. ಆಗ ಕಚ್ಚಿದ ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಿ ತರುತ್ತಿದ್ದರು, ಹಗ್ಗದಿಂದಲೇ ಕಾಲು ಹಾಳಾಗುತ್ತಿತ್ತು. ಹಗ್ಗ ಕಟ್ಟಬೇಡಿ ಎಂದು ಜನರಿಗೆ ಹೇಳಿ ಹೇಳಿ ನನ್ನ ಬಾಯಿ ಬತ್ತಿತು. ಈಗ ಕಾಲು ಅಲುಗಾಡಿಸದೆ ನೇರ ಕರೆತರುತ್ತಾರೆ. ತಲೆತಲಾಂತರದಿಂದ ಬಂದ ಕ್ರಮವೂ ಬದಲಾಗುತ್ತದೆ ಎಂಬ ಧೈರ್ಯ ನನಗೆ ಬಂದದ್ದು ಅಲ್ಲಿಂದ.

ಕೊನೆಯ ವರ್ಷಗಳನ್ನು ಕಳೆದದ್ದು ಮೂಡಬಿದ್ರೆಯಿಂದ ಬಂಟ್ವಾಳದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಟ್ರಸ್ಟಿನ ಕಾಲೇಜು ಆಸ್ಪತ್ರೆಯಲ್ಲಿ. ಹೆಸರು ಬೇಡ. ಕ್ಯಾಶುವಾಲ್ಟಿ, ಅಂದರೆ ತುರ್ತು ವಿಭಾಗ, ನನ್ನ ಕೈಯಲ್ಲಿತ್ತು. ಸರ್ಜರಿಗೆ ಚೀಫ್ ಆಗಿದ್ದವರು ಡಾ. ಶ್ಯಾಮರಾಯರು. ಚಿನ್ನದಂಥ ಕೈ ಅವರದ್ದು, ಲಂಚ ಗಿಂಚ ತಿಳಿಯದ ಮನುಷ್ಯ. ಆದರೆ ಹಳೆಯ ಕ್ರಮದಲ್ಲಿ ಒಂದು ಕೂದಲೆಳೆಯಷ್ಟೂ ಬದಲಾವಣೆಗೆ ಒಪ್ಪುತ್ತಿರಲಿಲ್ಲ. ನಾವು ನಿಂತಿದ್ದೇವೆ, ಇವರೂ ನಿಲ್ಲಲಿ ಎಂಬುದು ಅವರ ವಾದ.

ನಿಶ್ಮಿತಾ ಎಂಬ ಹೌಸ್ ಸರ್ಜನ್ ಅವರ ಯೂನಿಟ್‌ನಲ್ಲಿದ್ದಳು. ಗುರುವಾಯನಕೆರೆಯವಳು, ಅಪ್ಪ ಅಲ್ಲಿಯ ಸ್ಟ್ಯಾಂಡಿನಲ್ಲಿ ರಿಕ್ಷಾ ಓಡಿಸುತ್ತಾರೆ. ಡ್ಯೂಟಿ ಮುಗಿಸಿ ಬಸ್ಸು ಹತ್ತಿದರೆ ಸೀಟಿನಲ್ಲೇ ನಿದ್ದೆ. ಗುರುವಾಯನಕೆರೆ ದಾಟಿ ಬೆಳ್ತಂಗಡಿಯಲ್ಲಿ ಕಣ್ಣು ಬಿಡುವುದು ಎಷ್ಟು ಸಲ ಆಯಿತೆಂದರೆ, ಆ ದಾರಿಯ ಕಂಡಕ್ಟರುಗಳೆಲ್ಲ ಇವಳನ್ನು ಎಬ್ಬಿಸುವುದನ್ನೂ ತಮ್ಮ ಕೆಲಸವೆಂದೇ ಇಟ್ಟುಕೊಂಡಿದ್ದರು. ಒಂದು ದಿನ ಅವಳು ಡ್ಯೂಟಿ ಮುಗಿಸಿ, ಮುಂದಿನ ಪಾಳಿಯ ಹೌಸ್ ಸರ್ಜನ್ ಶಫೀಕನನ್ನು ಪ್ರತಿ ಮಂಚದ ಹತ್ತಿರ ಕರೆದುಕೊಂಡು ಹೋಗಿ, ರೋಗಿಯ ಎದುರಲ್ಲೇ ಎಲ್ಲ ವಿವರ ಒಪ್ಪಿಸಿದಳು. ನಾವು ಇದಕ್ಕೆ ಹ್ಯಾಂಡ್‌ಓವರ್ ಎನ್ನುತ್ತೇವೆ. ಕೊಟ್ಟು ಮನೆಗೆ ಹೋದಳು. ಮಧ್ಯಾಹ್ನ ಶ್ಯಾಮರಾಯರು ಬಂದು ಅಡ್ಮಿಟ್ ಮಾಡಿದವರು ಎಲ್ಲಿ ಎಂದು ಕೇಳಿದರು. ಶಫೀಕ ಹೇಳಹೊರಟದ್ದನ್ನು ಕೇಳಲೇ ಇಲ್ಲ. ಅನುಮತಿ ಇಲ್ಲದೆ ವಾರ್ಡು ಬಿಟ್ಟಳು ಎಂದು ಅವಳ ಇಂಟರ್ನ್‌ಶಿಪ್ಪನ್ನು ಒಂದು ತಿಂಗಳು ಮುಂದಕ್ಕೆ ಹಾಕಿದರು.

ಇದಕ್ಕೇ ಎಕ್ಸ್‌ಟೆನ್ಷನ್ ಎನ್ನುವುದು. ಹೊರಗಿನವರಿಗೆ ಒಂದು ತಿಂಗಳು ಏನು ಮಹಾ ಅನಿಸಬಹುದು. ಅವಳು ಪಿ.ಜಿ. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕ್ ತೆಗೆದಿದ್ದಳು. ಗೊತ್ತುಪಡಿಸಿದ ದಿನದೊಳಗೆ ಇಂಟರ್ನ್‌ಶಿಪ್ ಮುಗಿಯದಿದ್ದರೆ ಸೀಟು ಇಲ್ಲ. ಮತ್ತೆ ಒಂದು ವರ್ಷ ಕಾಯಬೇಕು, ಮತ್ತೆ ಪರೀಕ್ಷೆ ಬರೆಯಬೇಕು, ಆ ರ‍್ಯಾಂಕ್ ಮತ್ತೆ ಬರುತ್ತದೆಂದು ಬರೆದುಕೊಟ್ಟವರು ಯಾರು? ಅವಳು ನನ್ನ ಕೋಣೆಗೆ ಬಂದು ಅಳಲಿಲ್ಲ. ಕುಳಿತು, "ಅಪ್ಪನಿಗೆ ಹೇಗೆ ಹೇಳುವುದು ಅಂತ ಗೊತ್ತಾಗ್ತಾ ಇಲ್ಲ ಮೇಡಂ," ಎಂದಳು ಅಷ್ಟೆ. ನನಗೆ ಸಿಟ್ಟು ನೆತ್ತಿಗೇರಿತು.

ಶ್ಯಾಮರಾಯರ ಹತ್ತಿರ ಹೋಗಿ ಮಾತಾಡಿದೆ. "ನಿಮ್ಮ ಕ್ಯಾಶುವಾಲ್ಟಿ ನೀವು ನೋಡಿಕೊಳ್ಳಿ ಡಾಕ್ಟ್ರೇ, ನನ್ನ ವಾರ್ಡು ನಾನು ನೋಡಿಕೊಳ್ತೇನೆ," ಎಂದು ಚಹಾ ಕೊಟ್ಟು ಕಳಿಸಿದರು.

ಮರುದಿನ ಶಫೀಕ ಇನ್ನೂ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ಕಲ್ಲಡ್ಕದ ಹುಡುಗ, ಮಾತು ಜಾಸ್ತಿ, ಕೆಲಸ ಅದಕ್ಕಿಂತ ಜಾಸ್ತಿ. "ಮೇಡಂ, ನಾವು ಕಿರಿಯ ವೈದ್ಯರ ಸಂಘ ಮಾಡುವ ಅಂತ ಇದ್ದೇವೆ. ನಿಮ್ಮ ಪರ್ಮಿಷನ್ ಬೇಕಿತ್ತು."

"ಪರ್ಮಿಷನ್ ಕೇಳಿ ಯೂನಿಯನ್ ಕಟ್ಟುವವರನ್ನು ನಾನು ಇವತ್ತೇ ನೋಡಿದ್ದು," ಎಂದೆ. ಮಕ್ಕಳ ಮುಖ ಸಣ್ಣದಾಯಿತು. ಮತ್ತೆ ಕೂರಿಸಿ ಶಿರ್ತಾಡಿಯ ಬೀಡಿ ಬ್ರಾಂಚಿನ ಕಥೆ ಹೇಳಿದೆ. ಆ ಹೊತ್ತಿಗೆ ಅದು ಬರೀ ಕಥೆ. ಅದನ್ನು ಇವರು ಎಲ್ಲಿಗೆ ಒಯ್ಯುತ್ತಾರೆಂದು ನನಗೆ ಅಂದಾಜಿರಲಿಲ್ಲ.

ಸಂಘ ಆಯಿತು, ಶಫೀಕ ಅಧ್ಯಕ್ಷ. ಬೇಡಿಕೆ ಎರಡೇ. ಮಂಚದ ಪಕ್ಕ ಹ್ಯಾಂಡ್‌ಓವರ್ ಕೊಟ್ಟವರು ಮನೆಗೆ ಹೋಗಬಹುದು. ನಿಶ್ಮಿತಾಳ ಎಕ್ಸ್‌ಟೆನ್ಷನ್ ತೆಗೆಯಬೇಕು. ಆಡಳಿತ ಕಿವಿಗೆ ಹಾಕಿಕೊಳ್ಳಲಿಲ್ಲ. ಮಕ್ಕಳು ಮುಷ್ಕರದ ನೋಟಿಸ್ ಕೊಟ್ಟರು. ಪಾಪ, ಒಳ್ಳೆಯ ಮನೆಯ ಮಕ್ಕಳು, ರೋಗಿಗಳಿಗೆ ತೊಂದರೆಯಾಗಬಾರದೆಂದು ಹೊರರೋಗಿ ವಿಭಾಗದ ಬಾಗಿಲಲ್ಲಿ ದೊಡ್ಡ ಬೋರ್ಡು ಹಾಕಿದರು: ಇವತ್ತು ಮುಷ್ಕರ, ತುರ್ತು ಚಿಕಿತ್ಸೆ ಮಾತ್ರ ಉಂಟು.

ನಮ್ಮ ಜನ ಬೋರ್ಡು ಓದಿದರು. ಓದಿ, ಎಡಕ್ಕೆ ತಿರುಗಿ ಸೀದಾ ಕ್ಯಾಶುವಾಲ್ಟಿಗೆ ಬಂದರು. ಕೆಮ್ಮು, ಕಜ್ಜಿ, ಸೊಂಟನೋವು, ಬಿ.ಪಿ. ಮಾತ್ರೆ, ಎಲ್ಲ ತುರ್ತು. ಮೊಣಕಾಲು ನೋವಿಗೆ ವರ್ಷಗಳಿಂದ ಬರುತ್ತಿದ್ದ ಕಮಲಕ್ಕ ಎಂಬವರು ಗಾಲಿಮಂಚದ ಮೇಲೆ ತಾವೇ ಹತ್ತಿ ಮಲಗಿದ್ದರು. "ಎಂಥ ಕಮಲಕ್ಕ, ನಿಮಗೂ ತುರ್ತಾ?" ಎಂದು ಕೇಳಿದೆ. "ಬಸ್ಸಿಗೆ ಕೊಟ್ಟು ಬಂದಾಗಿದೆ ಡಾಕ್ಟ್ರೇ, ಇನ್ನು ತುರ್ತು ಆಗಲೇಬೇಕಲ್ಲ," ಎಂದರು. ಮುಷ್ಕರ ಹೂಡಿದ ಹೌಸ್ ಸರ್ಜನ್‌ಗಳು ಘೋಷಣೆಯ ಫಲಕ ಗೋಡೆಗೆ ಒರಗಿಸಿ, ಕೈಗವಸು ಹಾಕಿಕೊಂಡು ಒಳಗೆ ಓಡಿಬಂದರು. ಮಧ್ಯಾಹ್ನದ ಹೊತ್ತಿಗೆ ಅವರು ಮುಷ್ಕರವಿಲ್ಲದ ದಿನಕ್ಕಿಂತ ಹೆಚ್ಚು ಕೆಲಸ ಮಾಡಿದ್ದರು. ನಮ್ಮ ಸಿಸ್ಟರ್ ಲಿಲ್ಲಿ, "ಮೇಡಂ, ಇವರಿಗೆ ಪ್ರತಿ ತಿಂಗಳು ಒಂದು ಮುಷ್ಕರ ಮಾಡ್ಲಿಕ್ಕೆ ಹೇಳಿ, ಕೆಲಸ ಬೇಗ ಮುಗಿತದೆ," ಎಂದರು.

ಆಡಳಿತಾಧಿಕಾರಿ ದೇವದಾಸರು ಫೋನ್ ಮಾಡಿ ನಕ್ಕರು. ಆಸ್ಪತ್ರೆ ಚೆನ್ನಾಗಿಯೇ ನಡೆಯುತ್ತಾ ಉಂಟಲ್ಲ, ಇದೆಂಥ ಮುಷ್ಕರ ಎಂದರು. ಮಕ್ಕಳು ಪೆಚ್ಚಾದರು. ತುರ್ತು ಚಿಕಿತ್ಸೆಯನ್ನೂ ನಿಲ್ಲಿಸುವ ಎಂದು ಒಬ್ಬ ಹೇಳಿದ. "ಅದು ಬೇಡ," ಎಂದವಳು ನಿಶ್ಮಿತಾ. "ಯಾರಾದರೂ ಸತ್ತರೆ ನನ್ನ ಸೀಟು ನನಗೆ ಬೇಡ." ಹೀಗೆ ಅವಳೇ ಹೇಳಿದ ಮೇಲೆ ಆ ಮಾತು ಅಲ್ಲಿಗೇ ಬಿತ್ತು. ಕ್ಯಾಶುವಾಲ್ಟಿಯಲ್ಲಿ ಇಷ್ಟು ಜನ ಇದ್ದಾರಲ್ಲ, ಇಲ್ಲಿಯೇ ನಮ್ಮ ಕ್ರಮದಲ್ಲಿ ಕೆಲಸ ಮಾಡುವ ಎಂದು ಶಫೀಕ ಹೇಳಿದ. ಪಾಳಿ ಮಾಡಿಕೊಂಡರು. ಪಾಳಿ ಮುಗಿದವರು ಮಂಚದಿಂದ ಮಂಚಕ್ಕೆ ನಡೆದು ಒಪ್ಪಿಸಿ, ಮನೆಗೆ ಹೋಗಿ ಮಲಗಿ, ಮುಖ ತೊಳೆದು ಮತ್ತೆ ಬರುತ್ತಿದ್ದರು. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಹಾಕುವ ಅಗತ್ಯ ಬೀಳಲಿಲ್ಲ.

ಆ ಮೊದಲ ದಿನದ ಸಂಜೆಯೇ ದೇವದಾಸರು ಖುದ್ದಾಗಿ ಬಂದರು. "ಮೇಡಂ, ಮುಷ್ಕರ ಮಾಡಿದವರಿಗೆಲ್ಲ ಗೈರುಹಾಜರಿ ಹಾಕಿಬಿಡಿ."

"ಹಾಜರಿದ್ದವರಿಗೆ ಗೈರು ಹಾಕುವುದು ಹೇಗೆ ಅಂತ ನನಗೆ ಕಲಿಸಿಲ್ಲ," ಎಂದೆ. "ಅಲ್ಲಿ ನೋಡಿ, ಆ ಹೊಲಿಗೆ ಹಾಕ್ತಾ ಇರುವವನು ಸಂಘದ ಅಧ್ಯಕ್ಷ." ಅವರು ಅತ್ತ ಒಮ್ಮೆ ನೋಡಿ ಬಂದ ದಾರಿ ಹಿಡಿದರು. ಬೋರ್ಡಿನಲ್ಲಿ ಮಾಡಿದ ಎಡವಟ್ಟೇ ಮಕ್ಕಳಿಗೆ ಕೊಡೆಯಾಯಿತು.

ಮುಷ್ಕರ ಮುಂದುವರಿಯುತ್ತಿದ್ದಾಗ ಒಂದು ಬೆಳಿಗ್ಗೆ ಹೊಟ್ಟೆನೋವಿನ ಒಬ್ಬ ಯುವಕನನ್ನು ನಿಶ್ಮಿತಾ ಅಡ್ಮಿಟ್ ಮಾಡಿದಳು. ಅವಳ ಪಾಳಿ ಮುಗಿಯಿತು, ಶಫೀಕನಿಗೆ ಒಪ್ಪಿಸಿ ಹೋದಳು. ಮಧ್ಯಾಹ್ನ ಶ್ಯಾಮರಾಯರು ಕ್ಯಾಶುವಾಲ್ಟಿಗೆ ಬಂದರು. ಮುಖ ಗಂಟು ಹಾಕಿ, "ಅಡ್ಮಿಟ್ ಮಾಡಿದವರು ಯಾರು?" ಎಂದರು.

"ನಿಶ್ಮಿತಾ, ಸರ್. ಹ್ಯಾಂಡ್‌ಓವರ್ ಕೊಟ್ಟು ಮನೆಗೆ ಹೋಗಿದ್ದಾಳೆ," ಎಂದ ಶಫೀಕ. "ಅವಳು ನೋಡುವಾಗ ನೋವು ಹೊಕ್ಕುಳ ಹತ್ತಿರ ಇತ್ತು, ಹೊಟ್ಟೆ ಮೆದು ಇತ್ತು. ಈಗ ಹತ್ತು ನಿಮಿಷ ಮೊದಲು ನಾನು ನೋಡಿದಾಗ ನೋವು ಬಲಗಡೆ ಕೆಳಗೆ ಇಳಿದಿದೆ, ಅಲ್ಲಿ ಗಟ್ಟಿಯಾಗಿದೆ. ನಾಡಿ ಜೋರಾಗಿದೆ. ಅಪೆಂಡಿಕ್ಸ್ ಒಡೆಯುವ ಮೊದಲು ತೆಗೆಯಬೇಕು ಅಂತ ಕಾಣ್ತದೆ ಸರ್. ನಿಮಗೆ ಫೋನ್ ಮಾಡ್ಲಿಕ್ಕೆ ಹೊರಟಿದ್ದೆ."

ಶ್ಯಾಮರಾಯರು ಹೊಟ್ಟೆಯ ಮೇಲೆ ಕೈಯಿಟ್ಟರು. ತುಂಬ ಹೊತ್ತು ಇಟ್ಟರು. "ಥಿಯೇಟರಿಗೆ ತನ್ನಿ," ಎಂದಷ್ಟೇ ಹೇಳಿ ಹೋದರು. ನನ್ನ ಕಡೆ ನೋಡಲೂ ಇಲ್ಲ. ಹೊಟ್ಟೆನೋವಿನ ಆ ಯುವಕ ಮುಂದೆ ಗುಣವಾಗಿ ಮನೆಗೆ ಹೋದ.

ಆಪರೇಷನ್ ಆದ ಮರುದಿನ ಆಡಳಿತ ಕಚೇರಿಯಿಂದ ನಿಶ್ಮಿತಾಳಿಗೆ ಕರೆ ಬಂತು, ಒಬ್ಬಳೇ ಬರಬೇಕೆಂದು. ನಾನೂ ಶ್ಯಾಮರಾಯರೂ ಒಳಗೆ ಕುಳಿತಿದ್ದೆವು. ತಪ್ಪಾಯಿತೆಂದು ಹೇಳಿದರೆ ಹದಿನೈದು ದಿನಕ್ಕೆ ಇಳಿಸುತ್ತೇವೆ ಎನ್ನುವುದು ದೇವದಾಸರ ಲೆಕ್ಕಾಚಾರ. ಹದಿನೈದು ದಿನ ಹಾಕಿದರೂ ಅವಳ ಸೀಟು ಹೋಗುತ್ತಿತ್ತು. ಬಾಗಿಲು ತೆರೆಯಿತು. ನಿಶ್ಮಿತಾ ಬಂದಳು. ಅವಳ ಹಿಂದೆ ಶಫೀಕ ಬಂದ, ಅವನ ಹಿಂದೆ ಇನ್ನೊಬ್ಬಳು, ಮತ್ತೊಬ್ಬ. ಪಾಳಿಯಲ್ಲಿದ್ದವರನ್ನು ಬಿಟ್ಟು ಇಡೀ ಬ್ಯಾಚು ಬಂತು. ಕೋಣೆ ತುಂಬಿ ಹೊರಗಿನ ವರಾಂಡದಲ್ಲಿಯೂ ನಿಂತರು.

"ಒಬ್ಬರನ್ನು ಕರೆದದ್ದು," ಎಂದರು ದೇವದಾಸರು.

"ಗೊತ್ತುಂಟು ಸರ್," ಎಂದ ಶಫೀಕ. "ಹ್ಯಾಂಡ್‌ಓವರ್ ಕೊಟ್ಟು ಮನೆಗೆ ಹೋದದ್ದಕ್ಕೆ ನಿಶ್ಮಿತಾಳಿಗೆ ಒಂದು ತಿಂಗಳು ಹಾಕಿದ್ದೀರಿ. ಮುಷ್ಕರ ಶುರುವಾದಂದಿನಿಂದ ನಾವು ಎಲ್ಲರೂ ಮಾಡಿದ್ದು ಅದನ್ನೇ. ಹಾಗಾದ್ರೆ ನಮಗೂ ಎಕ್ಸ್‌ಟೆನ್ಷನ್ ಹಾಕಿ. ಎಲ್ಲರಿಗೂ ಒಂದು ತಿಂಗಳು."

ನನ್ನ ಎದುರು ನಿಂತದ್ದು ಶಿರ್ತಾಡಿಯ ಬ್ರಾಂಚಿನ ಸಾಲು. ಇವರಲ್ಲಿ ಎಷ್ಟೋ ಮಂದಿಗೆ ಒಳ್ಳೆಯ ರ‍್ಯಾಂಕ್ ಬಂದಿತ್ತು, ಎಲ್ಲರದ್ದೂ ಹೋಗುತ್ತಿತ್ತು. ಗೊತ್ತಿದ್ದೇ ಹೇಳಿದ್ದರು. ಇಡೀ ಬ್ಯಾಚಿಗೆ ಪಿ.ಜಿ. ಸೀಟು ತಪ್ಪಿಸಿದ ಕಾಲೇಜಿಗೆ ಮುಂದಿನ ವರ್ಷ ಯಾವ ತಂದೆ ತಾಯಿ ಮಕ್ಕಳನ್ನು ಸೇರಿಸುತ್ತಾರೆ? ಅದು ದೇವದಾಸರಿಗೂ ಗೊತ್ತಿತ್ತು. ಅಮ್ಮ ಇದ್ದಿದ್ದರೆ ಎಂದು ಒಂದು ಕ್ಷಣ ಅನಿಸಿ ನನ್ನ ಕಣ್ಣು ತುಂಬಿತು.

ದೇವದಾಸರು ಶ್ಯಾಮರಾಯರ ಕಡೆ ತಿರುಗಿದರು. "ಹಾಕಿದವರು ನೀವು. ನೀವೇ ಹೇಳಿ ಡಾಕ್ಟ್ರೇ."

ಶ್ಯಾಮರಾಯರು ಕನ್ನಡಕ ತೆಗೆದು ಒರೆಸಿದರು. "ಈ ಹುಡುಗಿ ನಿನ್ನೆ ನನಗಾಗಿ ಕಾದು ನಿಂತಿದ್ರೆ ಬೆಳಿಗ್ಗೆ ನೋಡಿದ್ದನ್ನು ಹೇಳ್ತಿದ್ದಳು," ಎಂದರು. "ಈ ಹುಡುಗ ಹತ್ತು ನಿಮಿಷದ ಮೊದಲಿನದ್ದನ್ನು ಹೇಳಿದ. ನನಗೆ ಬೇಕಾದದ್ದು ಅದೇ." ಕನ್ನಡಕ ಹಾಕಿಕೊಂಡು, "ಎಕ್ಸ್‌ಟೆನ್ಷನ್ ತೆಗೀರಿ. ನನ್ನ ಯೂನಿಟ್‌ನಲ್ಲಿ ಇನ್ನು ಮೇಲೆ ಹ್ಯಾಂಡ್‌ಓವರ್ ಸಾಕು," ಎಂದರು. ಹೊರಡುವಾಗ ಶಫೀಕನ ಹೆಗಲ ಮೇಲೆ ಕೈಯಿಟ್ಟು, "ನಾಡಿ ಎಷ್ಟಿತ್ತು ಅಂತ ನೀನು ಹೇಳ್ಲಿಲ್ಲ. ಜೋರು ಅಂದ್ರೆ ಸಾಲದು," ಎಂದು ಬೈದೇ ಹೋದರು. ಹಳೆಯ ಅಭ್ಯಾಸ ಎಲ್ಲಿಗೆ ಹೋಗುತ್ತದೆ?

ನಿಶ್ಮಿತಾಳಿಗೆ ಸೀಟು ಸಿಕ್ಕಿತು. ಅವಳ ಅಪ್ಪ ರಿಕ್ಷಾದಲ್ಲಿ ಬಂದು ಇಡೀ ಕ್ಯಾಶುವಾಲ್ಟಿಗೆ ಲಾಡು ಹಂಚಿದರು. ಕಮಲಕ್ಕನಿಗೂ ಒಂದು ಸಿಕ್ಕಿತು, ಅವರು ಆ ದಿನವೂ ಅಲ್ಲಿದ್ದರು.

ವರ್ಷ ಎರಡು ಕಳೆದು ನಾನು ನಿವೃತ್ತಿಯಾದೆ. ಕೊನೆಯ ದಿನ ಪಾಳಿ ಮುಗಿದರೂ ಹೊರಡಲು ನನಗೆ ಕಾಲು ಬರಲಿಲ್ಲ. ಇನ್ನೊಬ್ಬ ರೋಗಿ, ಇನ್ನೊಂದು ಎಕ್ಸ್‌ರೇ ಎನ್ನುತ್ತಾ ನಿಂತಿದ್ದೆ. ಆಗ ತಾನೇ ಸೇರಿದ ಬ್ಯಾಚಿನ ಒಬ್ಬಳು ಹೌಸ್ ಸರ್ಜನ್, ನನ್ನ ಭುಜಕ್ಕೂ ಬಾರದವಳು, ಹತ್ತಿರ ಬಂದು, "ಮೇಡಂ, ಬನ್ನಿ, ಹ್ಯಾಂಡ್‌ಓವರ್ ಕೊಡಿ," ಎಂದಳು. ಮಂಚದಿಂದ ಮಂಚಕ್ಕೆ ನಡೆದೆವು. ಒಂದೊಂದನ್ನೂ ಅವಳಿಗೆ ಒಪ್ಪಿಸಿದೆ. ಅವಳು ಕೇಳಿದ ಎರಡು ಪ್ರಶ್ನೆಗಳು ಸರಿಯಾಗಿದ್ದವು. ಕೊನೆಯ ಮಂಚ ಮುಗಿದ ಮೇಲೆ ಅವಳು ನನ್ನ ಕೊರಳಿನಿಂದ ಸ್ಟೆತಸ್ಕೋಪ್ ಮೆಲ್ಲ ತೆಗೆದು ನನ್ನ ಕೈಗೆ ಕೊಟ್ಟಳು. "ಇನ್ನು ನೀವು ನಿಲ್ಲುವ ಹಾಗಿಲ್ಲ ಮೇಡಂ. ಹೊರಡಿ."

"ಈ ಕ್ರಮ ಯಾರು ಮಾಡಿದ್ದು ಗೊತ್ತುಂಟಾ?" ಎಂದು ಕೇಳಿದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಯಾರು ಮಾಡುವುದು ಮೇಡಂ? ಮೊದಲಿನಿಂದಲೂ ಹೀಗೆಯೇ ಅಲ್ವಾ?"

ನಾನು ಬ್ಯಾಗು ಎತ್ತಿಕೊಂಡು ಹೊರಟೆ. ಮೂಡಬಿದ್ರೆಯ ಬಸ್ಸು ಹತ್ತಿ, ಸೀಟಿನಿಂದಲೇ ನಿಶ್ಮಿತಾಳಿಗೆ ಫೋನ್ ಮಾಡಿ ಆ ಮಾತನ್ನು ಹಾಗೆಯೇ ಹೇಳಿದೆ.

"ಹಾಗೆ ಹೇಳಿದ್ಲಾ ಮೇಡಂ?" ಎಂದಳು. ಮತ್ತೆ ಮೆಲ್ಲ, "ಹಾಗಾದ್ರೆ ನಾವು ಪೂರ್ತಿ ಗೆದ್ದಿದ್ದೇವೆ."